ಬೆಳಕಿಗೆ ನಿಂತ ಬೇರು

ಸಸ್ಯವಿಜ್ಞಾನದ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ತಟ್ಟೆಯಕ್ಕ ಎಂದೇ ಕರೆಯುತ್ತಿದ್ದರು. ಗಾಜಿನಂಥ ತಟ್ಟೆಗಳಿಗೆ ಪೋಷಕಾಂಶ ಬೆರೆಸಿದ ಜೆಲ್ ಹುಯ್ದು, ಧೂಳಿನಷ್ಟು ಸಣ್ಣ ಬೀಜಗಳನ್ನು ಸಾಲಾಗಿ ಕೂರಿಸಿ, ಬೇರು ನೇರ ಕೆಳಗಿಳಿಯಲೆಂದು ಟ್ಯೂಬ್‌ಲೈಟ್ ಹಾಕಿದ ಕಪಾಟಿನಲ್ಲಿ ನಿಲ್ಲಿಸುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಅವಳ ಕೆಲಸಕ್ಕೆ ಯಾರೂ ಬೆರಳು ತೋರಿಸಿರಲಿಲ್ಲ.

ತೋರಿಸಿದವನು ಒಬ್ಬ ಸಂಶೋಧನಾ ವಿದ್ಯಾರ್ಥಿ. ಪದವಿ ಕೈಗೆ ಬರುವ ಮೊದಲೇ ಎಲ್ಲರ ಬಾಯಲ್ಲಿ ‘ಡಾಕ್ಟ್ರು’ ಆಗಿದ್ದ. ಉಪ್ಪು ಬಿದ್ದರೆ ಬೇರು ಎಷ್ಟು ಕುಗ್ಗುತ್ತದೆಂದು ಮೂರು ವರ್ಷದಿಂದ ಅಳೆಯುತ್ತಿದ್ದ. ಒಮ್ಮೆ ಬಂದ ಅಳತೆ ಇನ್ನೊಮ್ಮೆ ಬರುತ್ತಿರಲಿಲ್ಲ.

“ಅಕ್ಕ, ಉಪ್ಪು ಸರಿಯಾಗಿ ತೂಗಿದ್ರಾ?”

“ಹೂಂ ಅಂದೆನಲ್ಲಪ್ಪ. ಎಷ್ಟು ಸಲ ಕೇಳ್ತೀರಿ?”

“ಮತ್ತೆ ಈ ತಟ್ಟೇಲಿ ಮಾತ್ರ ಬೇರು ಯಾಕೆ ಇಷ್ಟುದ್ದ?”

ಅವಳಿಗೆ ಮೈ ಉರಿಯಿತು. ಹಲ್ಲು ಕಚ್ಚಿಕೊಂಡು ನಾಲ್ಕನೇ ಸಲ ಇನ್ನೂರು ತಟ್ಟೆ ಸಿದ್ಧಮಾಡಿದಳು. ಈ ಸಲ ಯಾವ ತಟ್ಟೆ ಎಲ್ಲಿತ್ತೆಂದು ಗುರುತು ಹಾಕಿಟ್ಟಳು. ಉದ್ದ ಬೇರು ಬಂದ ತಟ್ಟೆಗಳೆಲ್ಲ ಕಪಾಟಿನ ಕೆಳಗಿನ ಮೂಲೆಯವು. ಅಲ್ಲಿ ಯಾರೋ ಇಟ್ಟ ರಟ್ಟಿನ ಡಬ್ಬ ಬೆಳಕಿಗೆ ಅಡ್ಡವಾಗಿತ್ತು. ಹೋಗಿ ಹೇಳಿದಳು.

“ಬೆಳಕು ಎಲೆಗೆ ಬೇಕಾದ್ದು ಅಕ್ಕ, ಬೇರಿಗೇನಾಗುತ್ತೆ?” ಎಂದ ಡಾಕ್ಟ್ರು, ಕಂಪ್ಯೂಟರಿನಿಂದ ತಲೆಯೆತ್ತದೆ.

“ಬೇರು ಮಣ್ಣೊಳಗೆ ಕತ್ತಲಲ್ಲಿ ಇರೋದಲ್ವಾ? ನಾವು ಅದನ್ನ ದೀಪದ ಕೆಳಗೆ ಬೆತ್ತಲೆ ನಿಲ್ಲಿಸಿದೀವಿ.”

“ನೋಡೋಣ ಬಿಡಿ.”

ಮೂರು ಸಲ ಹೇಳಿದಳು, ಮೂರು ಸಲವೂ ‘ನೋಡೋಣ’. ಇವನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ ಅನ್ನಿಸಿತು. ಅವಳ ಗಂಡ ಛತ್ರಿ ರಿಪೇರಿ ಮಾಡುತ್ತಿದ್ದ. ಅವನ ಅಂಗಡಿಯಿಂದ ಕಪ್ಪು ಬಟ್ಟೆಯ ತುಂಡುಗಳನ್ನು ತಂದು ಇಪ್ಪತ್ತು ತಟ್ಟೆಗಳ ಕೆಳಭಾಗಕ್ಕೆ ಸುತ್ತಿದಳು. ಎಲೆಗೆ ಬೆಳಕು, ಬೇರಿಗೆ ಕತ್ತಲು. ಅರ್ಧ ತಟ್ಟೆಗಳಲ್ಲಿ ಉಪ್ಪೂ ಇತ್ತು. ಹನ್ನೆರಡನೇ ದಿನ ಬಟ್ಟೆ ಬಿಚ್ಚಿ, ಡಾಕ್ಟ್ರ ತಟ್ಟೆಗಳ ಜೊತೆಗೇ ಅವನ್ನೂ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಮೇಜಿನ ಮೇಲಿಟ್ಟಳು.

ಮೇಡಂ ತಾವೇ ಸ್ಕೇಲ್ ಹಿಡಿದು ಅಳೆದರು. ಕತ್ತಲಲ್ಲಿ ಬೆಳೆದ ಬೇರು ಉದ್ದವಾಗಿತ್ತು, ಉಪ್ಪಿಗೆ ಅಷ್ಟಾಗಿ ಕುಗ್ಗಿಯೂ ಇರಲಿಲ್ಲ.

“ಇಷ್ಟು ದಿನ ನೀನು ಅಳೆದದ್ದು ಉಪ್ಪನ್ನೋ ಬೆಳಕನ್ನೋ?” ಎಂದು ಡಾಕ್ಟ್ರನ್ನು ಕೇಳಿದರು. ಅವನ ಮುಖ ಸಪ್ಪಗಾಯಿತು. “ಎಲ್ಲ ಮೊದಲಿಂದ ಮಾಡು. ಬೇರು ಮುಚ್ಚಿಯೇ ಮಾಡು.”

ತಟ್ಟೆಯಕ್ಕ ಮನಸ್ಸಲ್ಲೇ ಲೆಕ್ಕ ಹಾಕಿದಳು. ಮೊದಲಿಂದ ಅಂದರೆ ಎಂಟುನೂರು ತಟ್ಟೆ. ಮಾತು ಗೆದ್ದವಳು ತಾನು, ದುಡಿಯಬೇಕಾದವಳೂ ತಾನೇ.

“ಮೇಡಂ, ಜೆಲ್ ನಾನು ಹುಯ್ತೀನಿ. ಬೀಜ ಇವರೇ ಕೂರಿಸಲಿ,” ಎಂದಳು ಖಡಾಖಂಡಿತವಾಗಿ. ಮೇಡಂ ಒಪ್ಪಿದರು.

ಮೊದಲ ದಿನ ಡಾಕ್ಟ್ರು ಮುಗಿಸಿದ್ದು ಒಂಬತ್ತು ತಟ್ಟೆ. ಅದರಲ್ಲಿ ನಾಲ್ಕರ ಬೀಜ ಒಂದೇ ಕಡೆ ಗುಡ್ಡೆಬಿದ್ದಿದ್ದವು.

“ಸುಮ್ಮನೆ ನಿಮ್ಮ ತಲೆ ಮೇಲೆ ಗೂಬೆ ಕೂರಿಸಿಬಿಟ್ಟೆ ಅಕ್ಕ,” ಎಂದ ಮೆಲ್ಲಗೆ.

“ಸರಿ, ಈಗ ಕೈ ಅಲ್ಲಾಡಿಸಬೇಡಿ,” ಎಂದು ಗದರಿ, ಪಕ್ಕದ ಸ್ಟೂಲ್ ಎಳೆದುಕೊಂಡು ಕೂತು ಆ ನಾಲ್ಕನ್ನೂ ಸರಿಮಾಡತೊಡಗಿದಳು. ಎಲ್ಲ ತಟ್ಟೆ ಮುಗಿಯಲು ಎಂಟು ತಿಂಗಳು ಹಿಡಿಯಿತು. ಈ ಸಲ ಬಂದ ಅಳತೆಗಳು ಒಂದಕ್ಕೊಂದು ತಾಳೆಯಾದವು.