ಸ್ಟಿಯರಿಂಗ್ ಮೇಲೆ ಬಗ್ಗಿದ ಬೆನ್ನು

ಡ್ರೈವರನಿಗೆ ಬೆನ್ನು ನೋಯುವುದು ರೋಗವಲ್ಲ, ಕೆಲಸ. ಗಣಿಯೂರಾದ ಕುಡಚಡೆಯಲ್ಲಿ ನಾವೆಲ್ಲ ಹಾಗೇ ತಿಳಿದಿದ್ದೆವು. ನನ್ನಪ್ಪ ಅಲ್ಲಿ ಅದಿರಿನ ಟ್ರಕ್ ಓಡಿಸುತ್ತಿದ್ದ. ಗಾಡಿ ನಿಂತಾಗಲೆಲ್ಲ ಸ್ಟಿಯರಿಂಗ್ ತಬ್ಬಿ ಮುಂದಕ್ಕೆ ಬಗ್ಗುತ್ತಿದ್ದ. ಹಾಗೆ ಕೂತರೆ ನೋವು ಕಡಿಮೆ ಅನ್ನುತ್ತಿದ್ದ. ಊಟ ಸೇರದಾಯಿತು. ಕಣ್ಣು ಹಳದಿಯಾದಾಗ ಕಾಮಣಿ ಅಂತ ನಾಟಿ ಔಷಧಿ ಕುಡಿಸಿದೆವು, ಎಣ್ಣೆ ಖಾರ ಬಿಡಿಸಿದೆವು. ಮೈ ಇನ್ನೂ ಇಳಿಯಿತು. ಪಥ್ಯಕ್ಕೆ ಇಳಿದಿದೆ ಅಂದುಕೊಂಡೆವು. ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ, ಹೊಟ್ಟೆಯ ಹಿಂದೆ ಇರುವ ಪ್ಯಾಂಕ್ರಿಯಾಸ್ ಅನ್ನುವ ಗ್ರಂಥಿಯ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ಆ ಮಳೆಗಾಲ ಅಪ್ಪ ದಾಟಲಿಲ್ಲ.

ಮಳೆ ನಿಂತು ಗಣಿ ಮತ್ತೆ ಶುರುವಾದಾಗ ಅಪ್ಪನ ಸೀಟಿನಲ್ಲಿ ಅಣ್ಣ ಕೂತ. ನಾನು ಕ್ಲೀನರ್.

ಕೆಲವು ವರ್ಷ ಹೋದವು. ಒಣಕಲು ಮೈಯ ಅಣ್ಣನಿಗೆ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಬಂತು. ಪ್ಯಾಂಟು ಸಡಿಲವಾಯಿತು. ಡಾಕ್ಟರು ಗುಳಿಗೆ ಬರೆಯುತ್ತಿದ್ದಾಗ ನಾನು ಅಪ್ಪನ ವಿಷಯ ಹೇಳಿದೆ. ಅವರು ಬರೆಯುವುದು ನಿಲ್ಲಿಸಿದರು. ಎಲ್ಲರಿಗೂ ಮಾಡಿ ಇದನ್ನು ಮೊದಲೇ ಹಿಡಿಯುವಂಥ ಪರೀಕ್ಷೆ ಇಲ್ಲ, ರಕ್ತ ನೋಡಿ ಹೇಳುವುದೂ ನಂಬಿಕೆಯದಲ್ಲ ಅಂದರು. ಆದರೆ ಅಪ್ಪನಿಗೆ ಇದ್ದು, ಮಗನಿಗೆ ಹೊಸದಾಗಿ ಸಕ್ಕರೆ ಬಂದು ಮೈ ಇಳಿಯುತ್ತಿದ್ದರೆ ಕೂಡಲೇ ಸ್ಕ್ಯಾನ್ ಮಾಡಿಸಬೇಕಂತೆ. ಸಣ್ಣದಿದ್ದಾಗ ಸಿಕ್ಕರೆ ಕೊಯ್ದು ತೆಗೆಯಬಹುದಂತೆ.

ಅಣ್ಣ ಮಳೆಗಾಲಕ್ಕೆ ಗಣಿ ನಿಲ್ಲುತ್ತದೆ, ಸೀಸನ್ ಮುಗಿಯಲಿ ಅಂದ.

ಹೊಳೆಯ ಜೆಟ್ಟಿಯಲ್ಲಿ ಬಾರ್ಜ್ ಅನ್ನುವ ದೊಡ್ಡ ದೋಣಿಗೆ ಅದಿರು ಸುರಿಯಲು ಗಾಡಿಗಳ ಉದ್ದ ಸಾಲು. ಸಾಲು ಬಿಟ್ಟರೆ ಪಾಳಿ ಹೋಯಿತು. ಅವತ್ತು ನಾನು ಟೈರಿನ ಹತ್ತಿರ ನಿಂತಿದ್ದೆ. ನಮ್ಮ ಗಾಡಿಯ ಹಾರ್ನ್ ಒಂದೇ ಸಮ ಹೊಡೆದುಕೊಳ್ಳತೊಡಗಿತು.

“ಹಾರ್ನ್ ಹೊಡದ್ರ ಬಾರ್ಜ್ ಓಡಿ ಬರತೈತೇನ್ಲೇ?” ಅಂತ ಹಿಂದಿನ ಡ್ರೈವರ್ ಕೂಗಿದ. ನಾಲ್ಕು ಜನ ನಕ್ಕರು.

ನಾನು ಬಾಗಿಲು ತೆಗೆದೆ. ಅಣ್ಣ ಸ್ಟಿಯರಿಂಗ್ ತಬ್ಬಿ ಬಗ್ಗಿದ್ದ. ಅವನ ಎದೆ ಹಾರ್ನ್ ಮೇಲಿತ್ತು. ಅಪ್ಪನ ಬೆನ್ನೇ ಕಂಡಂತಾಯಿತು. ಹೆಗಲು ಹಿಡಿದು ಹಿಂದಕ್ಕೆ ಒರಗಿಸಿದೆ, ಹಾರ್ನ್ ನಿಂತಿತು.

“ಇಳಿ ಅಣ್ಣಾ. ಸ್ಕ್ಯಾನಿಗೆ ಹೋಗೂಣು.”

“ಪಾಳಿ ಹೋಗತೈತಿ ತಮ್ಮಾ. ಮಳಿ ಹತ್ತಲಿ, ನೋಡೂಣು.”

“ಅಪ್ಪ ಮಳಿ ದಾಟಿದ್ನೇನು?”

ಅವನು ಸಣ್ಣಗೆ ಅಂದ: “ಸ್ಕ್ಯಾನಿನ್ಯಾಗ ಅದ ಕಂಡ್ರ ಏನ್ ಮಾಡ್ತಿ? ನೋಡದಿದ್ರ ನಿದ್ದಿನರ ಬರತೈತಿ.”

“ನನಗ ಬರವಲ್ದು.”

ಕೀಲಿ ತಿರುವಿ ಕಿತ್ತುಕೊಂಡೆ. ಅವನನ್ನು ಕೆಳಗಿಳಿಸಿ, ಗಾಡಿಯನ್ನು ನಾನೇ ಪಕ್ಕಕ್ಕೆ ತೆಗೆದೆ. ಹಿಂದಿನ ಟ್ರಕ್ಕುಗಳು ನಮ್ಮ ಜಾಗಕ್ಕೆ ಸರಿದವು. ಈಗ ಯಾರೂ ನಗಲಿಲ್ಲ.

ಬಸ್ಸಿನಲ್ಲಿ ಅವನು ಮುಂದಿನ ಸೀಟಿನ ಸರಳಿಗೆ ಹಣೆಯಿಟ್ಟು ಬಗ್ಗಿದ. ನೆಟ್ಟಗೆ ಕೂಡು ಅಂದೆ. ಕೂತು ತೋರಿಸಲು ನೋಡಿದ. ದೊಡ್ಡಾಸ್ಪತ್ರೆ ಇನ್ನೂ ದೂರ ಇತ್ತು. ಅವನು ಮತ್ತೆ ಬಗ್ಗಿದ.