ನಾಲ್ಕು ಸೆಕೆಂಡಿನ ಕೂಗು

ಆ ಕೂಗಿನ ಉದ್ದ ನಾಲ್ಕು ಸೆಕೆಂಡು. ಮೂರನೇ ಸೆಕೆಂಡಿಗೆ ಅದು ಒಂದು ಕಡೆ ಮುರಿಯುತ್ತದೆ. ಸ್ಪೀಕರಿಗೆ ಕಿವಿ ಹತ್ತಿರ ತಂದರೆ, ಮುರಿದಲ್ಲಿ ಉಸಿರು ಎಳೆದುಕೊಂಡ ಸದ್ದು ಕೇಳುತ್ತದೆ. ಆಮೇಲೆ ಕೂಗು ಇನ್ನೂ ಮೇಲಕ್ಕೆ ಹೋಗಿ ಥಟ್ಟನೆ ನಿಲ್ಲುತ್ತದೆ. ಅದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಅದರ ಹಿಂದೆ ಬಗ್ಗಿಸಿ ಹಿಡಿದಿದ್ದ ಕಾಫಿ ರೆಂಬೆಯನ್ನು ಕೂಗಿದವರು ಕೈಬಿಟ್ಟಾಗ ಅದು ಚಿಮ್ಮಿದ ಸದ್ದೂ ನನಗೆ ಗೊತ್ತು.

ನಾನು ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ತೋಟಗಳಿಂದ ಬಂದ ಕಾಫಿಯ ತೇವ ಅಳೆಯುವುದು, ಹುರಿದು ಪುಡಿ ಮಾಡಿ ರುಚಿ ನೋಡುವುದು, ನಾಲಿಗೆಗೆ ಸಿಕ್ಕಿದ್ದನ್ನು ಬರೆದಿಡುವುದು ನನ್ನ ಕೆಲಸ. ಅಲ್ಲಿ ‘ಚೆನ್ನಾಗಿದೆ’ ಎಂದು ಬರೆಯುವ ಹಾಗಿಲ್ಲ. ಹುಳಿ ಎಷ್ಟು, ಕಹಿ ಎಲ್ಲಿ, ಮಣ್ಣಿನ ವಾಸನೆ ಇದೆಯೋ ಇಲ್ಲವೋ ಎಂದು ಬರೆಯಬೇಕು. ಈ ಅಭ್ಯಾಸ ನನಗೆ ಹಿಡಿಸಿದೆ. ವಾರಕ್ಕೊಮ್ಮೆ ಬಣಕಲ್ ದಾಟಿ ನಮ್ಮ ಮನೆಗೆ ಹೋಗುತ್ತೇನೆ. ಮನೆ ಎಂದರೆ ಎಸ್ಟೇಟಿನ ಕ್ವಾರ್ಟರ್ಸ್. ಅಪ್ಪ ಅಲ್ಲಿ ರೈಟರ್. ಆಳುಗಳ ಹಾಜರಿ ಹಾಕುವುದು, ಯಾರಿಗೆ ಯಾವ ಕಡೆ ಕೆಲಸ ಎಂದು ಹೇಳುವುದು ಅವರ ಜವಾಬ್ದಾರಿ.

ಆ ಕೂಗು ಈಗ ಒಂದು ಹಾಡಿನಲ್ಲಿದೆ. ಅದನ್ನು ಹಾಡಿದವನು ನನ್ನ ಜೊತೆ ಡಿಗ್ರಿ ಓದಿದವನು. ಈಗ ಬಣಕಲ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕಾಲೇಜಿನಲ್ಲೇ ರ‍್ಯಾಪ್ ಹಾಡುತ್ತಿದ್ದ. ಆದರೆ ಅವನ ಸಾಲುಗಳಲ್ಲಿ ಅವನು ಕಾಲಿಡದ ಗಲ್ಲಿಗಳು, ಎಂದೂ ಹಿಡಿಯದ ಕತ್ತಿಗಳು ಇರುತ್ತಿದ್ದವು.

“ನೀನು ಬಣಕಲ್ ಬಸ್ ಸ್ಟ್ಯಾಂಡಲ್ಲಿ ಯಾರ ಮೇಲೆ ಕತ್ತಿ ಎತ್ತಿದ್ದೀಯ?” ಎಂದು ಒಮ್ಮೆ ಕೇಳಿದೆ.

“ಹಂಗಾದ್ರೆ ನೀನೇ ಬರಿ ಮಾರಾಯ್ತಿ, ಕತ್ತಿ ಇಲ್ದೆ,” ಎಂದ.

ನಾನು ಬರೆದೆ. ಕಾಫಿ ಹಣ್ಣು ಸುಲಿಯುವ ಪಲ್ಪರ್ ತಿರುಗುವಾಗ ಸಿಪ್ಪೆ ಹರಿದು ಹೋಗುವ ನೀರು, ಮೂಡಿಗೆರೆ ಬಸ್ಸಿನ ಹಿಂದಿನ ಸೀಟು, ಲ್ಯಾಬಿನಲ್ಲಿ ರುಚಿ ನೋಡಿ ಉಗುಳುವ ಪಾತ್ರೆ, ಇಂಥವುಗಳ ಮೇಲೆ. ಮೊದಲ ಹಾಡು ಓದಿ ಅವನು ತಲೆ ಕೆರೆದುಕೊಂಡ. “ಪರೀಕ್ಷೆ ಪೇಪರ್ ಇದ್ದಂಗೆ ಇದೆ. ಎಲ್ಲಾ ಸರಿ ಇದೆ. ಆದ್ರೆ ಉಸಿರು ಎಲ್ಲಿ ತಗಳದು?” ಆಮೇಲೆ ನಾನು ಸಾಲುಗಳ ನಡುವೆ ಉಸಿರಿಗೆ ಜಾಗ ಬಿಡುವುದನ್ನು ಕಲಿತೆ. ಒಂದೂವರೆ ವರ್ಷದಲ್ಲಿ ಆರು ಹಾಡುಗಳಾದವು. ಅವನ ಅಂಗಡಿಯ ಮೇಲೆ ಒಂದು ಖಾಲಿ ಕೋಣೆ ಇತ್ತು. ಗೋಡೆಗೆಲ್ಲ ಹಳೆಯ ಗೋಣಿಚೀಲ ನೇತುಹಾಕಿ ಅಲ್ಲೇ ರೆಕಾರ್ಡ್ ಮಾಡಿದೆವು. ಗೋಣಿ ಹೊರಗಿನ ಸದ್ದನ್ನು ಚೆನ್ನಾಗಿಯೇ ತಡೆಯುತ್ತಿತ್ತು, ಆದರೆ ಅದರ ಧೂಳಿಗೆ ಅವನು ಸೀನುತ್ತಿದ್ದ. ಒಂದು ಸೀನು ನಾಲ್ಕನೇ ಹಾಡಿನಲ್ಲಿ ಈಗಲೂ ಇದೆ.

ನನ್ನ ಹೆಸರು ಎಲ್ಲೂ ಬರಬಾರದು ಎಂಬುದು ನನ್ನ ಒಂದೇ ಷರತ್ತು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಊಟದ ಹೊತ್ತಿನಲ್ಲೂ ಹೆಚ್ಚು ಮಾತಾಡುವವಳಲ್ಲ. ನನ್ನ ಸಾಲುಗಳನ್ನು ಜನ ಕೇಳಬೇಕು, ಕೇಳಿ ನನ್ನ ಮುಖ ನೋಡಬಾರದು ಎಂಬುದು ನನ್ನ ಆಸೆ. ಆಲ್ಬಮ್ಮಿನ ವಿವರದಲ್ಲಿ ‘ಸಾಹಿತ್ಯ’ ಎಂಬಲ್ಲಿ ಅವನು ಒಂದು ಗೆರೆ ಎಳೆದು ಬಿಟ್ಟ.

ಇನ್ನು ಕೂಗಿನ ವಿಷಯ.

ಹಾಡಿನ ತಾಳಕ್ಕೆ ನಮ್ಮ ಕಡೆಯ ಸದ್ದುಗಳನ್ನೇ ಬಳಸಬೇಕೆಂದಿದ್ದೆವು. ಕೊಯ್ಲಿನ ಒಂದು ಬೆಳಿಗ್ಗೆ ನಾನು ಮೇಸ್ತ್ರಿ ಅಕ್ಕನ ಹತ್ತಿರ ಹೋದೆ. ಅವರು ನಮ್ಮ ತೋಟದಲ್ಲಿ ಹಣ್ಣು ಕೊಯ್ಯುವ ಹೆಂಗಸರ ಗುಂಪಿಗೆ ಮೇಸ್ತ್ರಿ. ನಾನು ನಡೆಯಲು ಕಲಿಯುವ ಮೊದಲಿನಿಂದ ನನ್ನನ್ನು ಬಲ್ಲವರು. “ಹಣ್ಣು ಚೀಲಕ್ಕೆ ಬೀಳೋ ಸದ್ದು ಹಿಡ್ಕೊಳ್ಲಾ ಅಕ್ಕ?” ಎಂದು ಕೇಳಿದೆ. “ಹಿಡ್ಕ ಮಗಾ. ಸದ್ದಿಗೆಂತ ತೂಕ ಇದೆಯಾ, ತಗಂಡೋಗು,” ಎಂದರು. ಸುತ್ತಲಿನವರು ನಕ್ಕರು. ಫೋನನ್ನು ಅವರ ಸೊಂಟದ ಚೀಲದ ಹತ್ತಿರ ಹಿಡಿದು ನಿಂತೆ.

ಅರ್ಧ ಗಂಟೆಯೂ ಆಗಿರಲಿಲ್ಲ, ಕೆಳಗಿನ ತೊರೆಯ ಕಡೆ ಬಿದಿರು ಮುರಿಯಿತು. ಮೇಸ್ತ್ರಿ ಅಕ್ಕ ಹಿಡಿದಿದ್ದ ರೆಂಬೆ ಬಿಟ್ಟು ಕೂಗಿದರು.

ನಮ್ಮ ಕಡೆ ತೋಟಕ್ಕೆ ಆನೆ ಬಂದರೆ ಹೀಗೆ ಕೂಗುತ್ತಾರೆ. ಆನೆ ಬಂದ ಸುದ್ದಿ ಈಗ ಮೊಬೈಲಿಗೂ ಬರುತ್ತದೆ, ಆದರೆ ಆ ಇಳಿಜಾರಿನಲ್ಲಿ ನೆಟ್‌ವರ್ಕ್ ಇಲ್ಲ. ಕೂಗು ಕೇಳಿದವರು ಚೀಲ ಅಲ್ಲೇ ಬಿಟ್ಟು ಮೇಲಿನ ರಸ್ತೆಗೆ ಹತ್ತಬೇಕು. ಹತ್ತುವ ಮೊದಲು, ಕೇಳಿದ ಹಾಗೆಯೇ ಒಮ್ಮೆ ಕೂಗಬೇಕು, ಪಕ್ಕದ ತೋಟದವರಿಗೆ ಕೇಳಲಿ ಎಂದು. ಯಾರು ಕೂಗಿದ್ದು, ಎಲ್ಲಿ, ಯಾಕೆ ಎಂದು ವಿಚಾರಿಸುವ ಹಾಗಿಲ್ಲ. ಆಟಕ್ಕಂತೂ ಕೂಗಲೇಬಾರದು. ಏಳು ವರ್ಷದವಳಿದ್ದಾಗ ನಾನು ಒಮ್ಮೆ ಆಟಕ್ಕೆ ಕೂಗಿದ್ದೆ. ಅಪ್ಪ ನನ್ನ ಮೇಲೆ ಕೈ ಮಾಡಿದ್ದು ಜೀವನದಲ್ಲಿ ಆ ಒಂದು ದಿನ ಮಾತ್ರ.

ಆ ದಿನ ಎಲ್ಲರೂ ರಸ್ತೆಗೆ ಹತ್ತಿದೆವು. ಆನೆ ತನ್ನಷ್ಟಕ್ಕೆ ತೊರೆ ದಾಟಿ ಹೋಯಿತು. ಮನೆಗೆ ಬಂದು ನೋಡಿದರೆ ಫೋನು ರೆಕಾರ್ಡ್ ಮಾಡುತ್ತಲೇ ಇತ್ತು. ಎಲ್ಲವನ್ನೂ ಹಾಡುವ ಗೆಳೆಯನಿಗೆ ಕಳಿಸಿದೆ. ಅವನು ಅಂಗಡಿ ಬೀದಿಯಲ್ಲಿ ಬೆಳೆದವನು. ಆ ಕೂಗನ್ನು ತೋಟದವರು ಬಲ್ಲ ಹಾಗೆ ಬಲ್ಲವನಲ್ಲ. ಅದನ್ನು ಕೊನೆಯ ಹಾಡಿನ ಶುರುವಿಗೂ ನಡುವೆಯೂ ಇಟ್ಟ.

“ಕೂಗಿದವ್ರನ್ನ ಕೇಳಿದ್ಯಾ?” ಎಂದ.

“ಕೇಳಿದೀನಿ,” ಎಂದೆ.

ನಾನು ಕೇಳಿದ್ದು ಹಣ್ಣು ಬೀಳುವ ಸದ್ದಿಗೆ. ಆ ಒಪ್ಪಿಗೆಯನ್ನು ಎಳೆದು ಕೂಗಿನ ಮೇಲೂ ಹೊದಿಸಿದೆ. ಲ್ಯಾಬಿನಲ್ಲಿ ಒಂದು ಸ್ಯಾಂಪಲ್ಲಿನ ಫಲಿತಾಂಶವನ್ನು ಇನ್ನೊಂದರ ಮೇಲೆ ಬರೆದರೆ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ, ತೆಗೆಯಬೇಕು ಕೂಡ.

ಮುಂದಿನ ಕೊಯ್ಲು ಶುರುವಾಗುವ ಹೊತ್ತಿಗೆ ಆಲ್ಬಮ್ ಇಂಟರ್ನೆಟ್ಟಿನಲ್ಲಿ ಹೊರಬಂತು. ರಿಪೇರಿಗೆ ಬಂದ ಪ್ರತಿ ಮೊಬೈಲಿಗೂ ಅವನು ಹಾಡು ಹಾಕಿ ಕಳಿಸುತ್ತಿದ್ದ. ಪ್ರವಾಸಿಗರನ್ನು ಗುಡ್ಡಕ್ಕೆ ಕರೆದೊಯ್ಯುವ ಜೀಪಿನವರಿಗೆಲ್ಲ ಪೆನ್‌ಡ್ರೈವ್ ಹಂಚಿದ. ಪಂಕ್ಚರ್ ಅಂಗಡಿ, ಬೇಕರಿ, ಸೆಲೂನು ಎಂದು ಪೋಸ್ಟರ್ ಅಂಟಿಸಿದ. ಎರಡು ವಾರದಲ್ಲಿ ಕೊನೆಯ ಹಾಡು ಎಲ್ಲ ಕಡೆ ಹರಡಿತು. ಹರಡಿದ್ದು ಹಾಡೂ ಅಲ್ಲ, ಕೂಗು. ಜನ ಆ ನಾಲ್ಕು ಸೆಕೆಂಡನ್ನು ಕತ್ತರಿಸಿ ಮಂಜು, ಜಲಪಾತ, ಬೈಕಿನ ವಿಡಿಯೊಗಳಿಗೆಲ್ಲ ಹಾಕಿಕೊಂಡರು. ‘ಮೈ ಜುಮ್ ಅಂತು’ ಎಂದು ಕಾಮೆಂಟು ಬರೆದರು. ಅದು ಯಾವ ವಾದ್ಯ ಎಂದು ಒಬ್ಬರು ಕೇಳಿದರು. ಸಾಹಿತ್ಯದ ಬಗ್ಗೆ ನನಗೆ ಸಿಕ್ಕಿದ್ದು ಒಂದೇ ಮಾತು: ‘ಸ್ವಲ್ಪ ಜಾಸ್ತಿ ಇಸ್ತ್ರಿ ಹಾಕಿದಂಗಿದೆ.’ ಅದನ್ನು ನಾಲ್ಕು ಸಲ ಓದಿದೆ. ಸರಿಯಾಗಿಯೇ ಹೇಳಿದ್ದರು.

ಡಿಸೆಂಬರಿನಲ್ಲಿ ಒಂದು ದಿನ ಅವನು ಫೋನ್ ಮಾಡಿ ನಗುತ್ತಿದ್ದ. ಎಸ್ಟೇಟ್ ರಸ್ತೆಯಲ್ಲಿ ಒಂದು ಜೀಪು ಜೋರಾಗಿ ಹಾಡು ಹಾಕಿಕೊಂಡು ಹೋಗಿದೆ. ಮೇಲಿನ ತೋಟದವರು ಕೂಗು ಕೇಳಿ ಚೀಲ ಬಿಟ್ಟು ತಾವೂ ಕೂಗಿದ್ದಾರೆ. ಅದು ಮೂರು ತೋಟ ದಾಟಿದೆ. “ನಮ್ ಹಾಡಿಗೆ ನಲ್ವತ್ತು ಜನ ಎದ್ದು ಓಡಿದಾರೆ! ಯಾವ್ ದೊಡ್ಡ ಸಿಂಗರಿಗೆ ಸಿಕ್ಕಿದೆ ಹೇಳು ಇಂಥಾ ಮರ್ಯಾದೆ?” ನಾನೂ ನಕ್ಕೆ. ಆ ನಗು ನನಗೆ ಚೆನ್ನಾಗಿ ನೆನಪಿದೆ. ಬಸ್ಸಿನಲ್ಲಿದ್ದೆ, ಪಕ್ಕದವರು ತಿರುಗಿ ನೋಡಿದರು. ಆಮೇಲೆ ಹಾಗೆ ಇನ್ನೂ ಎರಡು ಮೂರು ಸಲ ಆಯಿತಂತೆ. ಆಗ ಯಾರೂ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಜನವರಿಯ ಒಂದು ಶನಿವಾರ ಸಂಜೆ ಮನೆಗೆ ಹೋದಾಗ, ಕಾಲು ತೊಳೆಯುತ್ತಾ ಅಪ್ಪ ಹೇಳಿದರು:

“ಇವತ್ತು ದೊಡ್ಡ ಗಂಡಾಂತರ ತಪ್ತು ಮಗಾ. ಒಂಟಿ ಸಲಗ ಬಂದಿತ್ತು. ಮೇಸ್ತ್ರಿ ಕೂಗಿದ್ರೆ ಕೆಳಗಿನ ಜೀಪ್ ರಸ್ತೆ ಪಕ್ಕದ ಗುಂಪಿನೋರು ಅಲ್ಲಾಡ್ಲೇ ಇಲ್ಲ. ಜೀಪಿನ ಹಾಡು ಅಂದ್ಕಂಡು ಹಣ್ಣು ಕೊಯ್ತಾ ನಿಂತಿದಾರೆ.”

“ಆಮೇಲೆ?”

“ಆಮೇಲೆಂತ, ಮೇಸ್ತ್ರಿನೇ ಆನೆ ಇದ್ದ ಕಡೆಗೇ ಇಳ್ದು ಓಡಿ, ರಟ್ಟೆ ಹಿಡ್ದು ಒಬ್ಬೊಬ್ಬರನ್ನೇ ಎಳ್ಕಂಡು ಬಂದ್ರು. ಯಾರೋ ಹಾಡು ಮಾಡಿದಾರಂತೆ, ಅದ್ರಲ್ಲಿ ಈ ಕೂಗು ಹಾಕಿದಾರೆ. ಎಂಥಾ ಜನನೋ. ಕೈಗೆ ಸಿಗ್ಬೇಕಿತ್ತು.”

ಅಮ್ಮ ಕಾಫಿ ಕೊಟ್ಟರು. ಅದರ ರುಚಿ ಏನೂ ತಿಳಿಯಲಿಲ್ಲ. ಆ ಹಾಡು ಮಾಡಿದ್ದು ನಾನು ಎಂದು ಅಪ್ಪನಿಗೆ ಹೇಳಲು ಬಾಯಿ ತೆರೆದೆ. ಆದರೆ ಅಪ್ಪನಿಗಿಂತ ಮೊದಲು ಮೇಸ್ತ್ರಿ ಅಕ್ಕನಿಗೆ ಹೇಳಬೇಕು ಅನ್ನಿಸಿತು. ಅದು ನ್ಯಾಯವೋ ಹೆದರಿಕೆಯೋ ಈಗಲೂ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಬಣಕಲ್‌ಗೆ ಹೋದೆ. ಅವನು ಒಂದು ಫೋನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ನಡೆದದ್ದನ್ನು ಹೇಳಿ, ಹಾಡನ್ನು ತೆಗೆದುಬಿಡು ಎಂದೆ.

“ನೀನು ಕೇಳಿದೀನಿ ಅಂದಿದ್ಯಲ್ಲ.”

“ಸುಳ್ಳು ಹೇಳಿದ್ದೆ.”

ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟ. “ಮುಂದಿನ ತಿಂಗಳು ಹಾಸನದಲ್ಲಿ ಹಾಡಕ್ಕೆ ಕರ್ದಿದಾರೆ. ಯಾಕ್ ಕರ್ದಿದಾರೆ ಗೊತ್ತಲ್ಲ? ಆ ಕೂಗಿಗೆ. ನಿನ್ ಸಾಹಿತ್ಯಕ್ಕೂ ಅಲ್ಲ, ನನ್ ಗಂಟ್ಲಿಗೂ ಅಲ್ಲ.”

“ಗೊತ್ತು.”

“ನಿಂಗೇನು ಮಾರಾಯ್ತಿ, ನಿನ್ ಹೆಸ್ರೇ ಇಲ್ಲ. ನಾಳೆ ಜನ ಬೈಯ್ಯದು ನನ್ನ.”

ಹೆಸರಿಲ್ಲದಿರುವುದು ವಿನಯ ಎಂದು ನಾನು ನಂಬಿಕೊಂಡಿದ್ದೆ. ಅದರ ಹಿಂದೆ ಎಷ್ಟು ಆರಾಮಾಗಿ ನಿಂತಿದ್ದೆ ಎಂದು ಅವನ ಅಂಗಡಿಯಲ್ಲಿ ಮೊದಲ ಸಲ ಕಂಡಿತು. ಅವನು ಬಿಚ್ಚಿದ್ದ ಫೋನನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಲ್ಯಾಪ್‌ಟಾಪ್ ತೆಗೆದು, ನನ್ನ ಕಡೆ ನೋಡದೆ, ಹಾಡನ್ನು ಅಳಿಸಿದ. “ಹೋಗು. ಅವ್ರಿಗೆ ನೀನೇ ಹೇಳು,” ಎಂದ.

ಮಧ್ಯಾಹ್ನ ಮೇಸ್ತ್ರಿ ಅಕ್ಕನ ಮನೆಗೆ ಹೋದೆ. ಕೆಲಸಗಾರರ ಲೈನಿನಲ್ಲಿ ಕೊನೆಯ ಮನೆ ಅವರದು. ಹೊರಗೆ ಕೂತು, ಎಡಗಾಲು ಚಾಚಿ, ಮಂಡಿಗೆ ಬಿಸಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಹಿಂದಿನ ದಿನ ಇಳಿಜಾರಿನಲ್ಲಿ ಓಡಿದ್ದರಿಂದ ಊದಿತ್ತು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಫೋನು, ಕೂಗು, ಕೇಳಿದ್ದೇನೆಂದು ಸುಳ್ಳು ಹೇಳಿದ್ದು, ಹಾಡು ಬರೆದದ್ದು ನಾನೇ ಎಂಬುದು.

ಅವರು ಮಂಡಿ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ನನ್ ದನಿ ಅಂತ ನಂಗೆ ಮೊದ್ಲೇ ಗೊತ್ತಾಗಿತ್ತು,” ಎಂದರು. “ನಮ್ಮತ್ತೆ ಕಲ್ಸಿದ್ದು ಅದು. ನಡುವೆ ಒಂದು ಸಲ ಮುರೀಬೇಕು, ಇಲ್ದಿದ್ರೆ ನವಿಲು ಅಂದ್ಕತಾರೆ ಅಂತಿದ್ರು. ಹಿಡ್ದಿದ್ದು ಯಾರು ಅಂತ ಮಾತ್ರ ಗೊತ್ತಿರ್ಲಿಲ್ಲ.”

“ಹಾಡು ತೆಗೆಸಿದೀನಿ ಅಕ್ಕ.”

“ತೆಗ್ಸಿದ್ರೆ ಜೀಪಲ್ಲಿ ಇರೋದೆಲ್ಲಾ ಹೋಯ್ತದಾ?”

“ಇಲ್ಲ.”

“ಜನ್ರ ಮೊಬೈಲಲ್ಲಿ ಇರೋದು?”

“ಇಲ್ಲ.”

“ಮತ್ತೆಂತಕ್ಕಾಯ್ತು?”

ಅವರ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ಅದು ಬರೀ ಪ್ರಶ್ನೆಯಾಗಿತ್ತು. ಒಳಗಿನಿಂದ ಅವರ ಸೊಸೆ, “ರೈಟರ್ ಮಗಳಿಗೆ ಕಾಫಿ ಮಾಡ್ಲಾ ಅತ್ತೆ?” ಎಂದು ಕೇಳಿದಳು. “ಬ್ಯಾಡ. ಅವ್ಳು ದಿನಾ ಕುಡ್ದು ಉಗಿಯೋಳು,” ಎಂದರು ಅವರು. ಸೊಸೆ ನಕ್ಕಳು. ಮೇಸ್ತ್ರಿ ಅಕ್ಕ ನಗಲಿಲ್ಲ.

“ಇನ್ನು ಆ ಕೂಗನ್ನ ಯಾರೂ ನಂಬಲ್ಲ,” ಎಂದರು. “ಬೇರೆ ಮಾಡ್ಕಬೇಕು. ನಿನ್ನೆನೇ ಮಾತಾಡ್ಕಂಡಿದೀವಿ. ನಾಳೆಯಿಂದ ಬೇರೆ. ಮೂರೂ ತೋಟದವ್ರಿಗೂ ಕಲಿಸ್ಬೇಕು, ಕೆಲ್ಸ ಬಿಟ್ಟು.” ಆಮೇಲೆ ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು ನನ್ನನ್ನು ನೋಡಿದರು. “ನೀನು ಬಾ. ರಸ್ತೆ ಪಕ್ಕದ ಗುಂಪಲ್ಲಿ ನಿಂತ್ಕ. ಅವ್ರಿಗೆ ನೀನೇ ಹೇಳು, ನೀನು ಮಾಡಿದ್ದು ಅಂತ. ಆಮೇಲೆ ಕೂಗು.”

“ನನಗೆ ಕೂಗೋಕೆ ಬರಲ್ಲ ಅಕ್ಕ.”

“ಬರ್ತಿತ್ತಲ್ಲ. ಏಳು ವರ್ಷದವ್ಳಿದ್ದಾಗ.”

ಅಂದು ಸಂಜೆ ಅಪ್ಪನಿಗೆ ಹೇಳಿದೆ. ಅವರು ಎದ್ದು ಹೊರಗೆ ಹೋದರು. ತಿರುಗಿ ಬಂದು, “ಬೆಳಿಗ್ಗೆ ಹಾಜರಿ ಹೊತ್ತಿಗೆ ಅಲ್ಲಿರು,” ಎಂದರು.

ಮರುದಿನ ಬೆಳಿಗ್ಗೆ ಲ್ಯಾಬಿಗೆ ರಜೆ ಹೇಳಿ, ಫೋನನ್ನು ಮನೆಯಲ್ಲೇ ಮೇಜಿನ ಮೇಲೆ ಬಿಟ್ಟು ಹೋದೆ. ಹಾಜರಿ ಮುಗಿದ ಮೇಲೆ ರಸ್ತೆ ಪಕ್ಕದ ಗುಂಪಿನ ಹದಿನಾಲ್ಕು ಜನರ ಮುಂದೆ ನಿಂತು ಹೇಳಿದೆ. ಒಬ್ಬಾಕೆ, “ಇಷ್ಟು ಸಣ್ಣ ದನಿಯೋಳು ಅಷ್ಟು ದೊಡ್ಡ ಕೆಲ್ಸ ಮಾಡಿದಾಳೆ ನೋಡು,” ಎಂದಳು. ಇನ್ನೊಬ್ಬಾಕೆ ನನ್ನ ಕಡೆ ಒಂದು ಚೀಲ ಎಸೆದಳು. ಸೊಂಟಕ್ಕೆ ಕಟ್ಟಿಕೊಂಡು ಸಾಲಿನ ಕೊನೆಯ ಗಿಡಕ್ಕೆ ನಿಂತೆ. ಇಬ್ಬನಿಗೆ ತೋಳು ಒದ್ದೆಯಾಯಿತು. ಸ್ವಲ್ಪ ಹೊತ್ತಿಗೆ ಗುಡ್ಡದ ಮೇಲಿನಿಂದ, ಮೇಸ್ತ್ರಿ ಅಕ್ಕ ಕಲಿಸುವ ಹೊಸ ಕೂಗು ಬಂತು. ಅದು ಎಷ್ಟು ಉದ್ದ, ಎಲ್ಲಿ ಮುರಿಯುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ. ರೆಂಬೆ ಕೈಬಿಟ್ಟೆ, ಉಸಿರು ಎಳೆದುಕೊಂಡೆ, ಕೇಳಿದ ಹಾಗೆಯೇ ಕೆಳಗಿನ ತೋಟದ ಕಡೆಗೆ ತಿರುಗಿ ಕೂಗಿದೆ. ಮೊದಲ ಸಲ ಸರಿಯಾಗಲಿಲ್ಲ. ಮೇಲಿನಿಂದ ಮೇಸ್ತ್ರಿ ಅಕ್ಕ ಮತ್ತೆ ಕೂಗಿದರು. ನಾನೂ ಮತ್ತೆ ಕೂಗಿದೆ. ಕೆಳಗಿನ ತೋಟದವರು ಅದನ್ನು ಎತ್ತಿಕೊಂಡು ಮುಂದೆ ಕಳಿಸುವವರೆಗೂ ಕೂಗಿದೆ.