ಗೊರಗುಂಟೆಪಾಳ್ಯದಲ್ಲಿ ಜಗ್ಗುವ ಕಾರು

ಯಶವಂತಪುರದ ನನ್ನ ಗ್ಯಾರೇಜಿಗೆ ರಿಟೈರಾದ ಬಸ್ ಡ್ರೈವರೊಬ್ಬರು ಮಗಳ ಆಟೊಮ್ಯಾಟಿಕ್ ಕಾರು ತಂದರು. ಬೆರಳಲ್ಲೇ ಎಳೆದು ಗೇರ್ ಬದಲಿಸೋಕೆ ಸ್ಟಿಯರಿಂಗ್ ಹಿಂದೆ ಎರಡು ಪ್ಯಾಡಲ್ ಇದ್ದವು.

"ಇವು ಕೆಲಸಾನೇ ಮಾಡದಂಗೆ ಮಾಡ್ಕೊಡಪ್ಪ. ಗೊರಗುಂಟೆಪಾಳ್ಯದಲ್ಲಿ ದಿನಾ ಗೇರ್ ಇಳಿದು ಜಗ್ತದೆ."

ಅಲ್ಲೊಂದೇ ಕಡೆ ಯಾಕೆ? ನೋಡೇ ಬಿಡೋಣ ಅಂತ ಜೊತೆಗೆ ಹೊರಟೆ. ಜಂಕ್ಷನ್ ಬಂದದ್ದೇ ತಡ, ಅವರು ಯಾರಿಗೋ ಕಾಲು ತಗುಲಿದಾಗ ಮಾಡೋ ಹಾಗೆ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬೆರಳಿಗೆ ಪ್ಯಾಡಲ್ ಸಿಕ್ಕಿ ಕಾರು ಜಗ್ಗಿತು.

"ಇಲ್ಲಿ ಯಾವ ದೇವರಿದೆ ಯಜಮಾನ್ರೇ? ಮುಟ್ಟೋದು ಬಿಡಿ, ಸರಿಹೋಗುತ್ತೆ" ಎಂದು ಸಿಡುಕಿದೆ.

"ಇಲ್ಲೇ ಒಂದು ಹೆಣ್ಮಗಳು ನನ್ನ ಬಸ್ಸಿಗೆ ಸಿಕ್ಕಿ ಹೋದ್ಲು. ತಪ್ಪಾಯ್ತು ಅನ್ನೋಕೆ ನಂಗೆ ಬೇರೆ ಜಾಗ ಇಲ್ಲ ಕಣಪ್ಪ."

ವಾಪಸ್ ಬಂದು ಪ್ಯಾಡಲ್‌ಗಳ ವೈರ್ ಬಿಡಿಸಿದೆ. ರಿಪೇರಿ ವಿವರ ಬರೆಯೋ ಜಾಬ್ ಕಾರ್ಡಿನಲ್ಲಿ ಮಾತ್ರ, ತಪ್ಪೆಲ್ಲ ಕಾರಿನದೇ ಎಂದು ಬರೆದೆ.